ಸರ್ಕಾರಿ ಜಾಹೀರಾತಿನ ವೆಚ್ಚದ ಪೂರ್ಣ ಲೆಕ್ಕ ಒಂದೇ ಕಡೆ ಏಕೆ ಸಿಗುವುದಿಲ್ಲ?

ಪ್ರಶ್ನೆ: ನಿವೃತ್ತ ಶಿಕ್ಷಕ, ಹಾಸನ ಜಿಲ್ಲೆ

ಮಾನ್ಯರೇ,

ನಮ್ಮ ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ಪ್ರತಿದಿನ ಬೆಳಿಗ್ಗೆ ಕುಳಿತು ಆರು ಪತ್ರಿಕೆಗಳನ್ನು ಓದುವುದು ನನ್ನ ಬಹುಕಾಲದ ರೂಢಿ. ಕಳೆದ ವರ್ಷ ಒಂದು ದಿನ ಆ ಆರರಲ್ಲಿ ಐದು ಪತ್ರಿಕೆಗಳ ಮುಖಪುಟವನ್ನು ಒಂದೇ ಸರ್ಕಾರಿ ಕಾರ್ಯಕ್ರಮದ ಜಾಹೀರಾತು ಆವರಿಸಿತ್ತು. ಒಳಪುಟಗಳನ್ನು ತಿರುವಿದಾಗ ಅದೇ ಕಾರ್ಯಕ್ರಮಕ್ಕೆ ಶುಭ ಕೋರಿ ಎರಡು ನಿಗಮಗಳೂ ಒಂದು ಮಂಡಳಿಯೂ ಪ್ರತ್ಯೇಕವಾಗಿ ಕೊಟ್ಟ ಜಾಹೀರಾತುಗಳು ಕಂಡವು. ಆ ಒಂದು ದಿನಕ್ಕೆ ಒಟ್ಟು ಎಷ್ಟು ಹಣ ಖರ್ಚಾಯಿತು, ಅದು ಯಾವ ಯಾವ ಲೆಕ್ಕದಿಂದ ಬಂತು ಎಂದು ತಿಳಿಯುವ ಆಸೆಯಿಂದ ಸಂಬಂಧಪಟ್ಟ ಒಂದು ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಸಲ್ಲಿಸಿದೆ.

ಬಂದ ಉತ್ತರದಲ್ಲಿ ಆ ಕಚೇರಿಯ ಇಡೀ ವರ್ಷದ ಒಟ್ಟು ವೆಚ್ಚ ಒಂದೇ ಸಾಲಿನಲ್ಲಿ ಇತ್ತು. ಪತ್ರಿಕಾವಾರು ವಿವರಕ್ಕೆ "ಮಾಹಿತಿಯನ್ನು ಕ್ರೋಡೀಕರಿಸಿ ನೀಡಲು ಅವಕಾಶವಿರುವುದಿಲ್ಲ" ಎಂದೂ, ನಿಗಮ ಮತ್ತು ಮಂಡಳಿಗಳ ಜಾಹೀರಾತಿಗೆ "ಈ ಕಚೇರಿಗೆ ಸಂಬಂಧಿಸಿರುವುದಿಲ್ಲ" ಎಂದೂ ಬರೆದಿದ್ದರು.

ಸರ್ಕಾರ ಜಾಹೀರಾತು ಕೊಡಲೇಬಾರದು ಎನ್ನುವವನು ನಾನಲ್ಲ. ಪಲ್ಸ್ ಪೋಲಿಯೊ ದಿನಾಂಕ, ಬೆಳೆ ವಿಮೆಗೆ ನೋಂದಾಯಿಸಲು ಕೊನೆಯ ದಿನ, ಮತದಾರರ ಪಟ್ಟಿಯ ಪರಿಷ್ಕರಣೆ ಇಂಥವು ಊರಿನ ಕಟ್ಟಕಡೆಯ ಮನೆಗೂ ತಲುಪಬೇಕು. ಆದರೆ ಶಾಲೆಗೆ ಒಂದು ಡಬ್ಬಿ ಸೀಮೆಸುಣ್ಣ ಕೊಂಡರೂ ಅದರ ರಸೀದಿಯನ್ನು ದಾಸ್ತಾನು ಪುಸ್ತಕಕ್ಕೆ ಅಂಟಿಸುತ್ತಿದ್ದ ನನಗೆ ಈ ಉತ್ತರ ಒಪ್ಪಿಗೆಯಾಗಲಿಲ್ಲ. ಲೆಕ್ಕ ನಿಜವಾಗಿಯೂ ಒಂದು ಕಡೆ ಇಲ್ಲವೇ, ಅಥವಾ ಇದ್ದೂ ಕೊಡುತ್ತಿಲ್ಲವೇ? ಸರ್ವೋಚ್ಚ ನ್ಯಾಯಾಲಯ ಈ ವಿಷಯದಲ್ಲಿ ತೀರ್ಪು ಕೊಟ್ಟಿದೆ ಎಂದು ಕೇಳಿದ್ದೇನೆ; ಅದರಲ್ಲಿ ನಮ್ಮಂಥವರಿಗೆ ಉಪಯೋಗಕ್ಕೆ ಬರುವಂಥದ್ದು ಏನಿದೆ? ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1: ನಿವೃತ್ತ ಲೆಕ್ಕಾಧಿಕಾರಿ, ಧಾರವಾಡ

ಗುರುಗಳೇ, ತಮಗೆ ಬಂದ ಉತ್ತರದಲ್ಲಿ ಅರ್ಧ ಸತ್ಯವಿದೆ, ಅರ್ಧ ಜಾರಿಕೆಯಿದೆ. ಎರಡನ್ನೂ ಬಿಡಿಸಿ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಸತ್ಯದ ಭಾಗ. ಆಯವ್ಯಯದ ಪುಸ್ತಕಗಳಲ್ಲಿ "ಮಾಹಿತಿ ಮತ್ತು ಪ್ರಚಾರ" ಎಂಬ ಪ್ರಧಾನ ಲೆಕ್ಕಶೀರ್ಷಿಕೆಯೊಂದಿದೆ. ಅದರ ಸಂಖ್ಯೆ 2220. ಕೇಂದ್ರಕ್ಕೂ ಎಲ್ಲ ರಾಜ್ಯಗಳಿಗೂ ಈ ಸಂಖ್ಯೆ ಒಂದೇ. ಹೊಸಬರು ಅದನ್ನು ನೋಡಿ ಸರ್ಕಾರದ ಪ್ರಚಾರದ ಖರ್ಚೆಲ್ಲ ಅಲ್ಲಿಯೇ ಇದೆ ಎಂದು ತಿಳಿಯುತ್ತಾರೆ. ವಾಸ್ತವದಲ್ಲಿ ಅಲ್ಲಿರುವುದು ಮುಖ್ಯವಾಗಿ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಪಾಲು. ಇತರ ಇಲಾಖೆಗಳು ತಮ್ಮ ಯೋಜನೆಗಳ ಒಳಗೇ ಪ್ರಚಾರಕ್ಕೆಂದು ಒಂದು ಪಾಲನ್ನು ಇಟ್ಟುಕೊಂಡಿರುತ್ತವೆ, ಮತ್ತು ಆ ಹಣ ಆರೋಗ್ಯ, ಕೃಷಿ ಅಥವಾ ಸಮಾಜ ಕಲ್ಯಾಣದ ಶೀರ್ಷಿಕೆಯಡಿ "ಸಾಮಾನ್ಯ ವೆಚ್ಚ", "ಇತರೆ ವೆಚ್ಚ" ಎಂಬ ಉದ್ದೇಶಶೀರ್ಷಿಕೆಗಳಲ್ಲಿ ಬೆರೆತುಹೋಗುತ್ತದೆ. ನಿಗಮ ಮಂಡಳಿಗಳು ತಮ್ಮ ಸ್ವಂತ ಬ್ಯಾಂಕ್ ಖಾತೆಯಿಂದ ಪಾವತಿಸುವುದರಿಂದ ಆ ಬಿಲ್ಲು ಖಜಾನೆಯ ಕಣ್ಣಿಗೇ ಬೀಳುವುದಿಲ್ಲ. ನಗರಸಭೆ, ವಿಶ್ವವಿದ್ಯಾಲಯಗಳದ್ದೂ ಇದೇ ಕಥೆ. ಇನ್ನು ಕೆಲವು ಇಲಾಖೆಗಳು ಪ್ರಚಾರದ ಕೆಲಸವನ್ನು ನೇರವಾಗಿ ಕೊಡದೆ ರಾಜ್ಯದ್ದೇ ಜಾಹೀರಾತು ಉದ್ಯಮವಾದ ಎಂಸಿ ಅಂಡ್ ಎ (ಮಾರ್ಕೆಟಿಂಗ್ ಕಮ್ಯುನಿಕೇಷನ್ ಅಂಡ್ ಅಡ್ವರ್ಟೈಸಿಂಗ್) ಮೂಲಕ ಮಾಡಿಸುತ್ತವೆ. ಆಗ ಇಲಾಖೆಯ ಪುಸ್ತಕದಲ್ಲಿ ಕಾಣುವುದು ಆ ಸಂಸ್ಥೆಗೆ ಸಂದ ಒಂದೇ ಮೊತ್ತ. ಅದರಿಂದ ಮುಂದೆ ಯಾವ ಪತ್ರಿಕೆಗೆ, ಯಾವ ವಾಹಿನಿಗೆ, ಯಾವ ಫಲಕದ ಗುತ್ತಿಗೆದಾರನಿಗೆ ಎಷ್ಟು ಹೋಯಿತು ಎಂಬುದು ಇನ್ನೊಂದು ಕಡತದಲ್ಲಿ ಇರುತ್ತದೆ. ಟೆಂಡರ್ ಇಲ್ಲದೆ ಕೆಲಸ ವಹಿಸಲು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಕಲಂ 4(ಜಿ) ಅಡಿಯಲ್ಲಿ ಸರ್ಕಾರ ವಿನಾಯಿತಿ ಕೊಡಬಹುದು. ಅಂಥ ವಿನಾಯಿತಿ ಪಡೆದ ಕಡೆ ಟೆಂಡರ್ ದಾಖಲೆಯನ್ನು ಹುಡುಕಿ ಪ್ರಯೋಜನವಿಲ್ಲ, ವಿನಾಯಿತಿಯ ಅಧಿಸೂಚನೆಯನ್ನೇ ಕೇಳಬೇಕು.

ಹೀಗೆ ಹರಡಿದ ಹಣವನ್ನು ಯಾರಾದರೂ ಒಂದು ಕಡೆ ಕೂಡಿಸಿದಾಗ ಏನು ಕಾಣುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಕೇಂದ್ರದ "ಬೇಟಿ ಬಚಾವೋ ಬೇಟಿ ಪಢಾವೋ" ಯೋಜನೆಯನ್ನು ಪರಿಶೀಲಿಸಿದ ಮಹಿಳಾ ಸಬಲೀಕರಣದ ಸಂಸದೀಯ ಸಮಿತಿ, 2016ರಿಂದ 2019ರ ಅವಧಿಯಲ್ಲಿ ಬಿಡುಗಡೆಯಾದ 446.72 ಕೋಟಿ ರೂಪಾಯಿಯಲ್ಲಿ ಶೇ. 78.91ರಷ್ಟು ಮಾಧ್ಯಮ ಪ್ರಚಾರಕ್ಕೇ ಹೋಗಿದೆ ಎಂದು 2021ರ ಡಿಸೆಂಬರಿನಲ್ಲಿ ಸಂಸತ್ತಿಗೆ ವರದಿ ಕೊಟ್ಟಿತು. ಹೆಣ್ಣುಮಕ್ಕಳ ಬಗ್ಗೆ ಸಮಾಜದ ಮನಸ್ಸನ್ನು ಬದಲಿಸುವುದೇ ಆ ಯೋಜನೆಯ ಉದ್ದೇಶಗಳಲ್ಲಿ ಒಂದಾದ್ದರಿಂದ ಪ್ರಚಾರಕ್ಕೆ ಹೆಚ್ಚು ಹಣ ಬೇಕೆಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಇಂಥ ಪ್ರಮಾಣವನ್ನು ತಿಳಿಯಲು ಸಮಿತಿಯೊಂದು ಕುಳಿತು ಕೂಡಿಸಬೇಕಾಗುತ್ತದೆ ಎಂಬುದು ನನ್ನನ್ನು ಕಾಡುತ್ತದೆ.

ಈಗ ಜಾರಿಕೆಯ ಭಾಗ. "ಕ್ರೋಡೀಕರಿಸಲು ಅವಕಾಶವಿಲ್ಲ" ಎಂಬ ಮಾತನ್ನು ನಾನು ಒಪ್ಪಲಾರೆ. ಪ್ರತಿ ಜಾಹೀರಾತಿಗೂ ಬಿಡುಗಡೆ ಆದೇಶವೊಂದು ಇರುತ್ತದೆ. ಕಚೇರಿಯ ಬಾಯಲ್ಲಿ ಅದು ಆರ್‌ಓ. ಪತ್ರಿಕೆಯ ಹೆಸರು, ಪ್ರಕಟಣೆಯ ದಿನಾಂಕ, ಅಳತೆ, ದರ ಎಲ್ಲವೂ ಆ ಒಂದು ಹಾಳೆಯಲ್ಲಿ ಇರುತ್ತವೆ. ಬಿಲ್ಲಿನ ಜೊತೆ ಆ ಆದೇಶವೂ ಪ್ರಕಟವಾದ ಪುಟದ ಪ್ರತಿಯೂ ಇಲ್ಲದಿದ್ದರೆ ಬಟವಾಡೆ ಅಧಿಕಾರಿ ಸಹಿ ಹಾಕುವುದಿಲ್ಲ. ನಾನು ಸೇವೆಯಲ್ಲಿದ್ದಾಗ ಇಂಥ ನೂರಾರು ಬಿಲ್ಲುಗಳನ್ನು ತಪಾಸಣೆ ಮಾಡಿದ್ದೇನೆ, ದಾಖಲೆ ಸಾಲದೆ ಎಷ್ಟನ್ನೋ ಹಿಂದಕ್ಕೆ ಕಳಿಸಿದ್ದೇನೆ. ಒಟ್ಟು ಮೊತ್ತ ಒಂದು ಕಡೆ ಇರದಿರಬಹುದು, ಆದರೆ ಬಿಡಿ ಬಿಡಿಯಾದ ಪ್ರತಿಯೊಂದು ಲೆಕ್ಕವೂ ಅದರದರ ಕಚೇರಿಯಲ್ಲಿ ಖಚಿತವಾಗಿ ಇದೆ. ಆದ್ದರಿಂದ ನಾವು ಕೇಳಬೇಕಾದದ್ದು ಒಟ್ಟು ಮೊತ್ತವನ್ನಲ್ಲ, ಆದೇಶವಾರು ವಿವರವನ್ನು. ಆದೇಶಗಳು ಕೈಗೆ ಬಂದರೆ ಕೂಡಿಸುವ ಕೆಲಸವನ್ನು ತಾವೂ ನಾವೂ ಮಾಡಬಲ್ಲೆವು.

ಉತ್ತರ 2: ವಕೀಲೆ, ಬೆಂಗಳೂರು

ತೀರ್ಪಿನ ಬಗ್ಗೆ ಕೇಳಿದ್ದೀರಿ. "ಕಾಮನ್ ಕಾಸ್" ಎಂಬ ಸಂಸ್ಥೆ ಮತ್ತು ಇತರರು ಹೂಡಿದ್ದ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ರಂಜನ್ ಗೊಗೊಯ್ ಮತ್ತು ಎನ್.ವಿ. ರಮಣ ಅವರ ಪೀಠ 2015ರ ಮೇ 13ರಂದು ತೀರ್ಪು ನೀಡಿತು. ಅದಕ್ಕೂ ಮುಂಚೆ, 2014ರ ಏಪ್ರಿಲ್‌ನಲ್ಲಿ, ಕಾನೂನು ಶಿಕ್ಷಣದ ಹಿರಿಯರಾದ ಎನ್.ಆರ್. ಮಾಧವ ಮೆನನ್ ಅವರಿದ್ದ ಮೂವರ ಸಮಿತಿಯನ್ನು ನ್ಯಾಯಾಲಯವೇ ನೇಮಿಸಿತ್ತು. ಜಾಹೀರಾತು ಸರ್ಕಾರದ ಹೊಣೆಗಾರಿಕೆಗೆ ಸಂಬಂಧಿಸಿರಬೇಕು, ವಸ್ತುನಿಷ್ಠವಾಗಿರಬೇಕು, ಆಳುವ ಪಕ್ಷದ ಹಿತಕ್ಕೆ ದುಡಿಯಬಾರದು, ಮಾಡಿದ ಖರ್ಚಿಗೆ ಸಮರ್ಥನೆಯಿರಬೇಕು ಎಂಬ ಆ ಸಮಿತಿಯ ತತ್ತ್ವಗಳನ್ನು ನ್ಯಾಯಾಲಯ ಅಂಗೀಕರಿಸಿತು. ಮಹನೀಯರ ಜಯಂತಿ, ಪುಣ್ಯತಿಥಿಗಳಿಗೆ ಹಲವು ಇಲಾಖೆಗಳು ಬೇರೆ ಬೇರೆಯಾಗಿ ಕೊಡುವ ಬದಲು ಒಂದೇ ಜಾಹೀರಾತು ಸಾಕು ಎಂಬ ಮಾತೂ ಆ ಮಾರ್ಗಸೂಚಿಯಲ್ಲಿದೆ. ಗ್ರಂಥಾಲಯದಲ್ಲಿ ತಾವು ಕಂಡ ಶುಭಕೋರಿಕೆಯ ಸಾಲು ಜಯಂತಿಯದಲ್ಲದಿದ್ದರೂ, ಅದೇ ತರ್ಕ ಅದಕ್ಕೂ ಅನ್ವಯಿಸಬೇಕೆಂದು ನಾನು ವಾದಿಸುತ್ತೇನೆ.

ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಭಾವಚಿತ್ರದ ವಿಚಾರ. ರಾಷ್ಟ್ರಪತಿ, ಪ್ರಧಾನಮಂತ್ರಿ, ಭಾರತದ ಮುಖ್ಯ ನ್ಯಾಯಮೂರ್ತಿ ಇವರ ಹೊರತು ಬೇರೆಯವರ ಚಿತ್ರ ಕೂಡದೆಂದು 2015ರಲ್ಲಿ ಹೇಳಿದ್ದನ್ನು ಕೇಂದ್ರವೂ ಹಲವು ರಾಜ್ಯಗಳೂ ಪ್ರಶ್ನಿಸಿದವು. 2016ರ ಮಾರ್ಚ್ 18ರಂದು ನ್ಯಾಯಾಲಯ ರಾಜ್ಯಪಾಲರು, ಮುಖ್ಯಮಂತ್ರಿಗಳು ಮತ್ತು ಸಂಬಂಧಪಟ್ಟ ಸಚಿವರ ಚಿತ್ರಗಳಿಗೂ ಅವಕಾಶ ಮಾಡಿಕೊಟ್ಟಿತು. ಆ ಮರುಪರಿಶೀಲನೆಯ ಪ್ರಕರಣದ ಶೀರ್ಷಿಕೆಯಲ್ಲೇ ನಮ್ಮ ರಾಜ್ಯದ ಹೆಸರಿದೆ: ಕರ್ನಾಟಕ ರಾಜ್ಯ ವಿರುದ್ಧ ಕಾಮನ್ ಕಾಸ್. ಮುಖ ಯಾರದಿರಬೇಕು ಎಂಬ ಜಗಳಕ್ಕೆ ಸರ್ಕಾರಗಳು ಅಷ್ಟು ಶ್ರಮಪಟ್ಟವು. ಅದೇ ತೀರ್ಪಿನಲ್ಲಿ ಹಣದ ಬಗ್ಗೆ ಬಿಟ್ಟುಹೋದ ಭಾಗವನ್ನು ಎತ್ತಿಕೊಂಡವರು ಕಡಿಮೆ. ಪ್ರತಿ ಸಚಿವಾಲಯದ ಪ್ರಚಾರ ಕಾರ್ಯಕ್ಕೂ ವಿಶೇಷ ಕಾರ್ಯನಿರ್ವಹಣಾ ಲೆಕ್ಕಪರಿಶೋಧನೆ ಆಗಬೇಕು, ಚುನಾವಣೆಯ ಹೊಸ್ತಿಲಲ್ಲಿ ಜಾಹೀರಾತಿಗೆ ತಡೆ ಬೇಕು ಎಂದು ಸಮಿತಿ ಶಿಫಾರಸು ಮಾಡಿತ್ತು. ನ್ಯಾಯಾಲಯ ಈ ಎರಡನ್ನೂ ಒಪ್ಪಲಿಲ್ಲ. ಮೇಲಿನ ಉತ್ತರದಲ್ಲಿ ಹೇಳಿರುವ ಆದೇಶವಾರು ಲೆಕ್ಕವನ್ನು ಹೊರಗೆ ತರಬಲ್ಲ ಸಾಧನವೊಂದು ಅಂದು ಕೈತಪ್ಪಿತು ಎಂದು ನಾನು ಭಾವಿಸುತ್ತೇನೆ.

ತೀರ್ಪಿನ ಮೇರೆಗೆ ಕೇಂದ್ರದಲ್ಲಿ 2016ರ ಏಪ್ರಿಲ್‌ನಲ್ಲಿ ತ್ರಿಸದಸ್ಯ ಸಮಿತಿ ರಚನೆಯಾಯಿತು. ಕರ್ನಾಟಕ, ಗೋವಾ, ಮಿಜೋರಾಂ, ನಾಗಾಲ್ಯಾಂಡ್ ರಾಜ್ಯಗಳು 2020ರ ಹೊತ್ತಿಗೆ ತಮ್ಮದೇ ಸಮಿತಿಗಳನ್ನು ರಚಿಸಿಕೊಂಡಿದ್ದವು. ಇವು ಮುಖ್ಯವಾಗಿ ಜಾಹೀರಾತಿನ ಒಕ್ಕಣೆಯನ್ನು ಪರಿಶೀಲಿಸುತ್ತವೆ, ಪುಸ್ತಕಗಳ ಲೆಕ್ಕವನ್ನಲ್ಲ. ಅವುಗಳ ತೀರ್ಮಾನ ಜಾರಿಗೆ ಬರುವ ವೇಗವನ್ನೂ ಗಮನಿಸಬೇಕು. ದೆಹಲಿ ಸರ್ಕಾರದ ಕೆಲವು ಜಾಹೀರಾತುಗಳು ಮಾರ್ಗಸೂಚಿಗೆ ವಿರುದ್ಧವೆಂದು 2016ರ ಸೆಪ್ಟೆಂಬರಿನಲ್ಲಿ ಕೇಂದ್ರದ ಸಮಿತಿ ಹೇಳಿತು. ಆಳುವ ಪಕ್ಷದಿಂದ 97 ಕೋಟಿ ರೂಪಾಯಿ ವಸೂಲಿ ಮಾಡಬೇಕೆಂದು ಉಪರಾಜ್ಯಪಾಲರು ಸೂಚಿಸಿದ್ದು 2022ರ ಡಿಸೆಂಬರಿನಲ್ಲಿ, ಅಂದರೆ ಆರು ವರ್ಷಗಳ ಬಳಿಕ.

ಅಂಕಿ ಎಂಥ ಕೆಲಸ ಮಾಡಬಲ್ಲದು ಎಂಬುದನ್ನೂ ದೆಹಲಿಯಲ್ಲೇ ಕಂಡೆವು. ಪ್ರಾದೇಶಿಕ ಕ್ಷಿಪ್ರ ರೈಲು ಯೋಜನೆಗೆ ತನ್ನ ಪಾಲು ಕೊಡಲು ಹಣವಿಲ್ಲವೆಂದು ಆ ಸರ್ಕಾರ ಹೇಳಿದಾಗ, ಮೂರು ವರ್ಷಗಳಲ್ಲಿ ಜಾಹೀರಾತಿಗೆ ಎಷ್ಟು ವೆಚ್ಚ ಮಾಡಿದ್ದೀರಿ ಎಂದು ಸರ್ವೋಚ್ಚ ನ್ಯಾಯಾಲಯ 2023ರ ಜುಲೈನಲ್ಲಿ ಕೇಳಿತು. 2020-21ರಲ್ಲಿ 296.89 ಕೋಟಿ, 2021-22ರಲ್ಲಿ 579.91 ಕೋಟಿ, 2022-23ರಲ್ಲಿ 196.36 ಕೋಟಿ ಎಂಬ ಉತ್ತರ ಬಂತು. ಒಟ್ಟು 1,073 ಕೋಟಿ. ಯೋಜನೆಗೆ ಬಾಕಿಯಿದ್ದದ್ದು 415 ಕೋಟಿ. ಎರಡು ಅಂಕಿಗಳು ಅಕ್ಕಪಕ್ಕ ನಿಂತ ಕೂಡಲೇ ಬಾಕಿಯನ್ನು ಎರಡು ತಿಂಗಳಲ್ಲಿ ಕೊಡಬೇಕೆಂಬ ಆದೇಶವಾಯಿತು. ಪಾಲಿಸದಿದ್ದಾಗ ನವೆಂಬರಿನಲ್ಲಿ ಜಾಹೀರಾತಿನ ಅನುದಾನವನ್ನೇ ಯೋಜನೆಗೆ ವರ್ಗಾಯಿಸುವುದಾಗಿ ನ್ಯಾಯಾಲಯ ಎಚ್ಚರಿಸಿತು. ಈ ಲೆಕ್ಕ ಕೇಳಿ ಪಡೆಯಲು ಸಾಮಾನ್ಯ ನಾಗರಿಕನಿಗೆ ಸರ್ವೋಚ್ಚ ನ್ಯಾಯಾಲಯದ ಪೀಠವೇ ಬೇಕಾಗಬಾರದು.

ಉತ್ತರ 3: ಜಿಲ್ಲಾ ಪತ್ರಿಕೆಯೊಂದರ ಸಂಪಾದಕ, ಕಲ್ಯಾಣ ಕರ್ನಾಟಕ ಭಾಗ

ಹಣ ಪಡೆಯುವ ಬದಿಯಿಂದ ಕೆಲವು ಮಾತು ಹೇಳಬೇಕಿದೆ. ಸರ್ಕಾರಿ ಜಾಹೀರಾತು ಎಂದೊಡನೆ ದೊಡ್ಡ ಪತ್ರಿಕೆಗಳ ಮುಖಪುಟ ಎಲ್ಲರ ಕಣ್ಣಮುಂದೆ ಬರುತ್ತದೆ. ನಮ್ಮಂಥ ಪತ್ರಿಕೆಗಳಿಗೆ ಬರುವುದು ಟೆಂಡರ್ ಪ್ರಕಟಣೆ, ರಾಷ್ಟ್ರೀಯ ಹಬ್ಬಗಳ ಕಾಲು ಪುಟ, ಆಗೊಮ್ಮೆ ಈಗೊಮ್ಮೆ ಯೋಜನೆಯ ಮಾಹಿತಿ. ಕೇಂದ್ರದ ನೀತಿಯಲ್ಲಿ 25,000 ಪ್ರತಿಗಳವರೆಗೆ ಸಣ್ಣ ಪತ್ರಿಕೆ, 75,000ದವರೆಗೆ ಮಧ್ಯಮ, ಅದರ ಮೇಲೆ ದೊಡ್ಡದು ಎಂಬ ವಿಂಗಡಣೆಯಿದೆ. ಆ ಮೊದಲ ಗುಂಪಿನಲ್ಲಿರುವ ನಮಗೆ ಈ ಆದಾಯ ನಿಂತರೆ ಕಾಗದದ ಅಂಗಡಿಗೆ, ಅಚ್ಚಿನ ಮನೆಗೆ, ಪತ್ರಿಕೆ ಹಂಚುವ ಹುಡುಗರಿಗೆ ಕೊಡಲು ಹಣವಿರುವುದಿಲ್ಲ. ಆದ್ದರಿಂದ ಜಾಹೀರಾತೆಲ್ಲ ಪೋಲು ಎಂಬ ಧ್ವನಿ ಎಲ್ಲಿ ಕೇಳಿದರೂ ನನಗೆ ಆತಂಕವಾಗುತ್ತದೆ.

ಹಾಗೆಂದು ಲೆಕ್ಕ ಬಯಲಾದರೆ ನಮಗೆ ಕೇಡು ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ತದ್ವಿರುದ್ಧವಾದದ್ದನ್ನು ಹೇಳುತ್ತಿದ್ದೇನೆ. ಒಂದು ಕಚೇರಿಯಿಂದ ನನಗೆ ಬರಬೇಕಾದ ಬಿಲ್ಲು ಹದಿನಾಲ್ಕು ತಿಂಗಳಿಂದ ಬಾಕಿಯಿದೆ. ವಿಚಾರಿಸಲು ಹೋದಾಗಲೆಲ್ಲ ಅನುದಾನ ಬಂದಿಲ್ಲ ಎಂಬ ಉತ್ತರ ಸಿಗುತ್ತದೆ. ನನ್ನ ಬಿಲ್ಲಿನ ನಂತರ ಸಲ್ಲಿಕೆಯಾದ ಬಿಲ್ಲುಗಳು ಪಾವತಿಯಾಗಿವೆಯೇ ಎಂಬುದು ನನಗೆ ತಿಳಿಯುವ ದಾರಿಯಿಲ್ಲ. ಆದೇಶದ ದಿನಾಂಕ, ಬಿಲ್ಲು ಬಂದ ದಿನಾಂಕ, ಪಾವತಿಯ ದಿನಾಂಕ ಈ ಮೂರೂ ಸಾರ್ವಜನಿಕವಾಗಿ ಕಂಡರೆ ಸರದಿ ತಪ್ಪಿಸುವುದು ಕಷ್ಟವಾಗುತ್ತದೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ರಸ್ತೆ ಕಾಮಗಾರಿಯ ಬಗ್ಗೆ ಒಂದು ವರದಿ ಬರೆದ ಮೇಲೆ ಮೂರು ತಿಂಗಳು ಜಾಹೀರಾತು ಬಾರದಿದ್ದರೆ, ಅದು ಕಾಕತಾಳೀಯವೋ ಶಿಕ್ಷೆಯೋ ಎಂದು ಸಂಪಾದಕ ಒಬ್ಬನೇ ಕುಳಿತು ಯೋಚಿಸಬೇಕಾಗುತ್ತದೆ, ಮುಂದಿನ ವರದಿಯನ್ನು ಬರೆಯುವಾಗ ಅವನ ಕೈ ತಡೆಯುತ್ತದೆ. ಯಾರಿಗೆ ಎಷ್ಟು ಹೋಯಿತು ಎಂಬುದು ಎಲ್ಲರಿಗೂ ಕಂಡರೆ ಆ ಅನುಮಾನ ನಿಜವೋ ಸುಳ್ಳೋ ತೀರ್ಮಾನವಾಗುತ್ತದೆ. ಯಾವುದೇ ಮಾಧ್ಯಮ ಸಂಸ್ಥೆಯನ್ನು ಪೋಷಿಸುವ ಉದ್ದೇಶ ಕೂಡದು, ಪ್ರಸಾರದ ಆಧಾರದ ವರ್ಗೀಕರಣದೊಳಗೆ ಎಲ್ಲ ಪತ್ರಿಕೆಗಳಿಗೂ ಸಮಾನವಾಗಿ ಜಾಹೀರಾತು ಹಂಚಿಕೆಯಾಗಬೇಕು ಎಂದು 2015ರ ತೀರ್ಪಿನಲ್ಲೇ ಇದೆ. ಭಾವಚಿತ್ರದ ಗದ್ದಲದಲ್ಲಿ ಮರೆಯಾದ ಈ ಭಾಗವನ್ನು ವಕೀಲರು ಪ್ರಸ್ತಾಪಿಸದೆ ಬಿಟ್ಟಿದ್ದಾರೆ. ನಮಗೆ ತೀರ್ಪಿನ ಜೀವಾಳವೇ ಅದು.

ಇನ್ನೊಂದು ವಿಚಾರ. ಪತ್ರಿಕೆಯ ಜಾಹೀರಾತು ಮುದ್ರಿತವಾಗಿ ಉಳಿಯುವುದರಿಂದ ಗುರುಗಳು ಗ್ರಂಥಾಲಯದಲ್ಲಿ ಕುಳಿತು ಎಣಿಸಬಲ್ಲರು. ಮೊಬೈಲಿನಲ್ಲಿ ಹತ್ತು ಸೆಕೆಂಡು ಬಂದುಹೋಗುವ ಜಾಹೀರಾತನ್ನು ಯಾರು ಎಣಿಸುತ್ತಾರೆ? ನಮ್ಮ ರಾಜ್ಯ 2024ರಲ್ಲಿ ಡಿಜಿಟಲ್ ಜಾಹೀರಾತಿಗೆ ಮಾರ್ಗಸೂಚಿ ತಂದಿದೆ. ಹಣ ಆ ಕಡೆ ಹರಿಯುತ್ತಿರುವಾಗ ಅಲ್ಲಿನ ಆದೇಶಗಳನ್ನೂ ಇದೇ ಶಿಸ್ತಿನಿಂದ ಕೇಳದಿದ್ದರೆ ಇಂದಿನ ನಮ್ಮ ಚರ್ಚೆ ಐದು ವರ್ಷದಲ್ಲಿ ಹಳತಾಗುತ್ತದೆ.

ಉತ್ತರ 4: ಕನ್ನಡಿಗ, ಟೊರಾಂಟೊ

ನಾನಿರುವ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಸರ್ಕಾರಿ ಜಾಹೀರಾತಿಗೆಂದೇ 2004ರಲ್ಲಿ ಕಾಯ್ದೆ ಮಾಡಿದರು. ಜಾಹೀರಾತು ಪ್ರಕಟವಾಗುವ ಮೊದಲೇ ಪ್ರಾಂತ್ಯದ ಮಹಾಲೆಕ್ಕಪರಿಶೋಧಕರ ಕಚೇರಿಗೆ ಹೋಗಬೇಕು. ಅವರು ಒಪ್ಪದಿದ್ದರೆ ಪ್ರಕಟಿಸುವಂತಿಲ್ಲ. ವರ್ಷಕ್ಕೊಮ್ಮೆ ಅದೇ ಕಚೇರಿ ಜಾಹೀರಾತಿನ ವೆಚ್ಚದ ವಿವರವನ್ನು ಶಾಸನಸಭೆಗೆ ಕೊಡುವ ವರದಿಯಲ್ಲಿ ಪ್ರಕಟಿಸುತ್ತದೆ.

ಇದನ್ನು ಆದರ್ಶವೆಂದು ಹೊಗಳಲು ನಾನು ಬರೆಯುತ್ತಿಲ್ಲ. 2015ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ತಂದು "ಪಕ್ಷಪಾತದ ಜಾಹೀರಾತು" ಎಂಬುದರ ವ್ಯಾಖ್ಯೆಯನ್ನೇ ಕಿರಿದುಗೊಳಿಸಿದರು. ಸಚಿವರ ಅಥವಾ ಶಾಸಕರ ಹೆಸರು, ಚಿತ್ರ, ಧ್ವನಿ, ಪಕ್ಷದ ಹೆಸರು, ಚಿಹ್ನೆ ಅಥವಾ ಬಣ್ಣ, ಬೇರೆ ಪಕ್ಷದ ನೇರ ಟೀಕೆ, ಇಷ್ಟು ಇಲ್ಲದಿದ್ದರೆ ಸಾಕು, ಸರ್ಕಾರ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವ ಜಾಹೀರಾತಿಗೂ ಒಪ್ಪಿಗೆ ಕೊಡಬೇಕಾಗುತ್ತದೆ. ತಿದ್ದುಪಡಿ ತಂದ ಪಕ್ಷ 2018ರಲ್ಲಿ ಸೋತಿತು. ನಂತರ ಬಂದ ಪಕ್ಷವೂ ಹಳೆಯ ವ್ಯಾಖ್ಯೆಯನ್ನು ಮರಳಿ ತರಲಿಲ್ಲ. ಆದರೂ ಒಂದು ಕೆಲಸ ಉಳಿದಿದೆ. ಯಾವ ಜಾಹೀರಾತನ್ನು ಹಳೆಯ ಕಾಯ್ದೆಯಡಿ ತಡೆಯುತ್ತಿದ್ದೆವು, ಅದಕ್ಕೆ ಎಷ್ಟು ಡಾಲರ್ ಹೋಯಿತು ಎಂದು ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಬರೆಯುತ್ತಾರೆ. ತಡೆಯುವ ಅಧಿಕಾರ ಕಿರಿದಾದ ಮೇಲೂ ಬರೆಯುವ ಅಧಿಕಾರ ಉಳಿದದ್ದರಿಂದ ಇಲ್ಲಿನ ಪತ್ರಿಕೆಗಳು ಪ್ರತಿವರ್ಷ ಅದನ್ನು ಸುದ್ದಿ ಮಾಡುತ್ತವೆ. ಲೆಕ್ಕಾಧಿಕಾರಿಗಳು ಮೇಲೆ ಹೇಳಿರುವ ಆದೇಶವಾರು ವಿವರಕ್ಕೆ ಹೆಚ್ಚು ಬೆಲೆ ಕೊಡಬೇಕೆಂದು ನನಗೆ ತೋರುವುದು ಈ ಕಾರಣಕ್ಕೇ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ವಂದನೆಗಳು. ನನ್ನ ಮೊದಲ ಅರ್ಜಿಯಲ್ಲಿ ತಪ್ಪಿದ್ದುದು ಎಲ್ಲಿ ಎಂಬುದು ಈಗ ತಿಳಿಯಿತು: "ಒಟ್ಟು ಎಷ್ಟು" ಎಂದು ಕೇಳಿದ್ದೆ, ಒಟ್ಟನ್ನೇ ಕೊಟ್ಟರು. ಸಂಪಾದಕರ ಮಾತು ಓದಿದ ಮೇಲೆ ಪಾವತಿಯ ದಿನಾಂಕವನ್ನೂ ಕೇಳಬೇಕೆನಿಸಿದೆ. ಹೊಸ ಅರ್ಜಿಯ ಒಕ್ಕಣೆ ಹೇಗಿರಬೇಕೆಂದು ಲೆಕ್ಕಾಧಿಕಾರಿಗಳು ತಿಳಿಸಿಕೊಡುವಿರಾ?

ಉತ್ತರ 1ರವರು ಮತ್ತೆ:

ಸಂತೋಷದಿಂದ, ಗುರುಗಳೇ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದಗಳನ್ನು ಮೀರಬಾರದು. ಆದ್ದರಿಂದ ವಾರ್ತಾ ಇಲಾಖೆಗೆ ಒಂದು, ತಾವು ಕಂಡ ಎರಡು ನಿಗಮಗಳಿಗೆ ಎರಡು, ಮಂಡಳಿಗೆ ಒಂದು, ಹೀಗೆ ನಾಲ್ಕು ಅರ್ಜಿಗಳನ್ನು ಬೇರೆ ಬೇರೆಯಾಗಿ, ಪ್ರತಿಯೊಂದಕ್ಕೂ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಕಳಿಸಿರಿ. ಇಡೀ ವರ್ಷವನ್ನು ಕೇಳಬೇಡಿ, ಕಡತ ದೊಡ್ಡದೆಂಬ ನೆಪಕ್ಕೆ ಎಡೆಯಾಗುತ್ತದೆ. ಆ ದಿನದ ಹಿಂದಿನ ಮತ್ತು ಮುಂದಿನ ಒಂದು ವಾರವನ್ನು ಮಾತ್ರ ಕೇಳಿ. ಒಕ್ಕಣೆ ಹೀಗಿರಲಿ:

"ದಿನಾಂಕ ಇಂಥದ್ದರಿಂದ ಇಂಥದ್ದರವರೆಗೆ ತಮ್ಮ ಕಚೇರಿಯಿಂದ ಪತ್ರಿಕೆ, ದೂರದರ್ಶನ ವಾಹಿನಿ, ಆಕಾಶವಾಣಿ ಮತ್ತು ಖಾಸಗಿ ರೇಡಿಯೊ, ಹೊರಾಂಗಣ ಫಲಕ ಹಾಗೂ ಡಿಜಿಟಲ್ ಮಾಧ್ಯಮಗಳಿಗೆ ನೀಡಿದ ಎಲ್ಲ ಜಾಹೀರಾತು ಬಿಡುಗಡೆ ಆದೇಶಗಳ ಪ್ರತಿಗಳನ್ನು, ಅವುಗಳಿಗೆ ಸಂಬಂಧಿಸಿದ ಬಿಲ್ಲು ಸ್ವೀಕೃತಿಯ ದಿನಾಂಕ, ಪಾವತಿಯ ದಿನಾಂಕ, ಪಾವತಿಸಿದ ಮೊತ್ತ ಮತ್ತು ಲೆಕ್ಕಶೀರ್ಷಿಕೆಯನ್ನು ತೋರಿಸುವ ವಹಿಯ ಪುಟಗಳ ಪ್ರತಿಗಳೊಂದಿಗೆ ನೀಡಬೇಕಾಗಿ ಕೋರುತ್ತೇನೆ. ಏಜೆನ್ಸಿಯ ಮೂಲಕ ಬಿಡುಗಡೆ ಮಾಡಿದ್ದಲ್ಲಿ ಆ ಏಜೆನ್ಸಿಯು ಸಲ್ಲಿಸಿದ ಮಾಧ್ಯಮವಾರು ಬಿಲ್ಲಿನ ಪ್ರತಿಯನ್ನೂ, ಟೆಂಡರ್ ವಿನಾಯಿತಿ ಪಡೆದಿದ್ದಲ್ಲಿ ಅದರ ಅಧಿಸೂಚನೆಯ ಪ್ರತಿಯನ್ನೂ ಒದಗಿಸಬೇಕು. ಈ ದಾಖಲೆಗಳು ಬೇರೆ ಪ್ರಾಧಿಕಾರದಲ್ಲಿದ್ದರೆ ಅರ್ಜಿಯನ್ನು ಮಾಹಿತಿ ಹಕ್ಕು ಕಾಯ್ದೆಯ ಕಲಂ 6(3)ರಂತೆ ಐದು ದಿನಗಳೊಳಗೆ ವರ್ಗಾಯಿಸಬೇಕು."

"ಮಾಹಿತಿ" ಎನ್ನುವ ಬದಲು "ಪ್ರತಿ" ಎಂದು ಕೇಳಿರುವುದನ್ನು ಗಮನಿಸಿರಿ. ಇರುವ ಹಾಳೆಯ ನಕಲು ಕೊಡಲು ಕ್ರೋಡೀಕರಣ ಬೇಕಿಲ್ಲ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ನಂತರದ ಮೂವತ್ತು ದಿನಗಳೊಳಗೆ ಮೊದಲ ಮೇಲ್ಮನವಿ ಹಾಕಬೇಕು. ದಿನ ಎಣಿಸಲು ಅಂಚೆಯ ಸ್ವೀಕೃತಿ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ. ನಾಲ್ಕೂ ಉತ್ತರಗಳು ಬಂದ ಮೇಲೆ ಹಾಳೆಗಳನ್ನು ಇಲ್ಲಿ ಹಂಚಿಕೊಂಡರೆ ಕೂಡಿಸುವ ಕೆಲಸ ನನ್ನದು.